ಅವಯವದ ಕಸಿಯೂ ಅರ್ಬುದವೂ

ಕಳೆದ ವರ್ಷದ ಮಾಘಮಾಸದಲ್ಲಿ ನನ್ನ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದು ಜಗಲಿಯ ಮೇಲೆ ಕುಳಿತನು. ಅವನಿಗೆ ನಲವತ್ತೈದರ ಪ್ರಾಯ. ನಾಲ್ಕು ವರ್ಷಗಳ ಹಿಂದೆ ಅವನ ಎರಡು ಮೂತ್ರಪಿಂಡಗಳೂ ಕೆಟ್ಟುಹೋದಾಗ, ಅವನ ಅಕ್ಕನವರು ತಮ್ಮದೊಂದನ್ನು ಕೊಟ್ಟು ಅವನನ್ನು ಉಳಿಸಿಕೊಂಡಿದ್ದರು. ಆ ದಿನ ಅವನು ತನ್ನ ಕತ್ತಿನ ಎಡಭಾಗವನ್ನು ಮುಟ್ಟಿ ತೋರಿಸಿದನು. ಅಡಕೆಯ ಗಾತ್ರದ ಗಂಟೊಂದು ಅಲ್ಲಿತ್ತು. ವೈದ್ಯರು ಅದರ ಚೂರನ್ನು ತೆಗೆದು ಪರೀಕ್ಷಿಸಿ, ಅದು ಲಿಂಫೋಮಾ, ಎಂದರೆ ದುಗ್ಧರಸಗ್ರಂಥಿಗಳ ಅರ್ಬುದವೆಂದು ಹೇಳಿದ್ದರಂತೆ. ಅಕ್ಕನ ಮೂತ್ರಪಿಂಡವು ತನ್ನ ಮೈಗೆ ಹೊಂದಿಕೊಂಡಿರಲೆಂದು ಅವನು ದಿನವೂ ಸೇವಿಸುತ್ತಿದ್ದ ಔಷಧಗಳಿಗೂ ಈ ಗಂಟಿಗೂ ಸಂಬಂಧವುಂಟೆಂದೂ, ಔಷಧವನ್ನು ತಗ್ಗಿಸಿ ನೋಡೋಣವೆಂದೂ ತಿಳಿಸಿದ್ದರಂತೆ. “ಮೇಷ್ಟ್ರೇ, ಔಷಧ ಕಡಿಮೆ ಮಾಡಿದರೆ ಅಕ್ಕ ಕೊಟ್ಟದ್ದು ಕೈಬಿಟ್ಟು ಹೋದೀತು, ಮಾಡದಿದ್ದರೆ ಈ ಗಂಟು ನನ್ನನ್ನೇ ತಿಂದೀತು. ಅಕ್ಕನ ಮುಖ ನೋಡುವುದಕ್ಕಾಗುತ್ತಿಲ್ಲ. ಇದು ಯಾವ ನ್ಯಾಯ, ಹೇಳಿ” ಎಂದನು. ತರ್ಕ ಓದಿದವನ ನಾಲಗೆಗೆ ‘ಉಭಯತಃಪಾಶಾ ರಜ್ಜುಃ’ ಎಂಬ ಮಾತು, ಎರಡು ತುದಿಗೂ ಕುಣಿಕೆಯಿರುವ ಹಗ್ಗದ ನ್ಯಾಯ, ಬಂದೇ ಬಂದಿತು. ಆದರೆ ಹಗ್ಗ ಕೊರಳಲ್ಲಿರುವವನಿಗೆ ಹಗ್ಗದ ಹೆಸರನ್ನು ಹೇಳಿ ಆಗುವ ಪ್ರಯೋಜನವೇನು? “ವೈದ್ಯರು ಹೇಳಿದಂತೆ ಮಾಡಪ್ಪ” ಎಂದಷ್ಟೇ ಹೇಳಿ ಕಳುಹಿಸಿದೆನು.

ಆದರೆ ಅವನ ಪ್ರಶ್ನೆಯು ನನ್ನನ್ನು ಬಿಡಲಿಲ್ಲ. ಪ್ರಾಣವನ್ನುಳಿಸುವ ಔಷಧದಿಂದಲೇ ಪ್ರಾಣಹಾರಿಯಾದ ರೋಗ ಹುಟ್ಟುವುದೆಂಬುದನ್ನು ವೈದ್ಯರು ಎಂದು, ಹೇಗೆ ಕಂಡುಕೊಂಡರು? ಅದನ್ನು ತಗ್ಗಿಸಿದರೆ ಅರ್ಬುದವು ಅಡಗೀತೆಂಬ ಧೈರ್ಯ ಅವರಿಗೆಲ್ಲಿಂದ ಬಂದಿತು? ವೈದ್ಯವಿದ್ಯೆಯನ್ನು ಕಲಿಯುತ್ತಿರುವ ನನ್ನ ಮೊಮ್ಮಗಳು ತಂದುಕೊಟ್ಟ ಗ್ರಂಥಗಳನ್ನೂ ಲೇಖನಗಳನ್ನೂ, ಅವಳಿಂದಲೇ ಅಲ್ಲಲ್ಲಿ ಅರ್ಥ ಹೇಳಿಸಿಕೊಂಡು, ಆರು ತಿಂಗಳು ಓದಿದೆನು. ಓದುತ್ತ ಹೋದಂತೆ ಇದೊಂದು ಸೊಗಸಾದ ತರ್ಕಪ್ರಕರಣವೆಂದು ತೋರಿತು. ನಮ್ಮ ಪತ್ರಿಕೆಯ ವಾಚಕರ ಮುಂದೆ ಅದನ್ನಿಡುತ್ತೇನೆ.

ಮೊದಲು ತನ್ನದು ಪರರದು ಎಂಬ ಭೇದವನ್ನು ಕುರಿತು ಎರಡು ಮಾತು. ಅರ್ಬುದವೆಂಬ ಶಬ್ದವೂ ಅದರ ಲಕ್ಷಣವೂ ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿವೆ. ಅದೇ ಸಂಹಿತೆಯ ಸೂತ್ರಸ್ಥಾನದಲ್ಲಿ, ಕತ್ತರಿಸಿಹೋದ ಮೂಗಿನ ಅಳತೆಗೆ ಎಲೆಯನ್ನು ಕತ್ತರಿಸಿಟ್ಟುಕೊಂಡು, ಆ ಅಳತೆಯಲ್ಲಿ ರೋಗಿಯ ಕೆನ್ನೆಯ ಚರ್ಮವನ್ನೆತ್ತಿ ಮೂಗಿಗೆ ಕೂಡಿಸುವ ವಿಧಾನವೂ ಉಂಟು. ಈ ವಿದ್ಯೆ ನಮ್ಮಲ್ಲಿ ಬಹುಕಾಲ ಉಳಿದಿತ್ತೆಂಬುದಕ್ಕೆ ಮೈಸೂರಿನ ಚರಿತ್ರೆಯಿಂದಲೇ ಒಂದು ಸಾಕ್ಷಿಯಿದೆ. ೧೭೯೨ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕವಾಸ್‌ಜಿ ಎಂಬವನು ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕಿ ಮೂಗನ್ನು ಕಳೆದುಕೊಂಡನು. ಪುಣೆಯ ಕಡೆಯ ವೈದ್ಯನೊಬ್ಬನು ಅವನ ಹಣೆಯ ಚರ್ಮದಿಂದಲೇ ಅವನಿಗೆ ಹೊಸ ಮೂಗನ್ನು ಮಾಡಿಕೊಟ್ಟನು. ಆ ವೃತ್ತಾಂತವು ಚಿತ್ರಸಹಿತವಾಗಿ ೧೭೯೪ರಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಎಂಬ ಪತ್ರಿಕೆಯಲ್ಲಿ ಪ್ರಕಟವಾಗಿ ಯೂರೋಪಿನ ವೈದ್ಯರನ್ನೆಲ್ಲ ಬೆರಗುಗೊಳಿಸಿತು. ಇಲ್ಲಿ ಗಮನಿಸತಕ್ಕದ್ದೇನೆಂದರೆ, ಸುಶ್ರುತನ ಕೆನ್ನೆಯಾಗಲಿ ಕವಾಸ್‌ಜಿಯ ಹಣೆಯಾಗಲಿ ರೋಗಿಯದೇ, ಪರರದಲ್ಲ. ಇಟಲಿಯ ಬೊಲೋನಾ ನಗರದ ತಾಲಿಯಾಕೋತ್ಸಿ ಎಂಬ ಶಸ್ತ್ರವೈದ್ಯನು ೧೫೯೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಒಬ್ಬನ ಚರ್ಮವು ಮತ್ತೊಬ್ಬನಿಗೆ ಹತ್ತಲಾರದು, ಪ್ರತಿಯೊಂದು ವ್ಯಕ್ತಿಗೂ ಇರುವ ಅಸಾಧಾರಣ ಸ್ವಭಾವವೇ ಅದಕ್ಕೆ ಅಡ್ಡಿ ಎಂದು ಬರೆದನು. ಅನುಭವದಿಂದ ಆಡಿದ ಮಾತು. ಕಾರಣವು ತಿಳಿಯಲು ಇನ್ನೂ ಮುನ್ನೂರೈವತ್ತು ವರ್ಷಗಳು ಬೇಕಾದುವು.

ಎರಡನೆಯ ಮಹಾಯುದ್ಧದ ಕಾಲದಲ್ಲಿ, ಗ್ಲಾಸ್ಗೋ ನಗರದ ಆಸ್ಪತ್ರೆಯಲ್ಲಿ ಸುಟ್ಟಗಾಯಗಳಿಂದ ನರಳುತ್ತಿದ್ದ ಹೆಂಗಸೊಬ್ಬಳಿಗೆ ಅವಳ ಸಹೋದರನ ಚರ್ಮದ ಚೂರುಗಳನ್ನು ಹಚ್ಚಿದರು. ಕೆಲವು ದಿನಗಳಲ್ಲಿ ಅವು ಉದುರಿದುವು. ಮತ್ತೆ ಹಚ್ಚಿದಾಗ ಮೊದಲಿಗಿಂತ ಬೇಗನೆ ಉದುರಿದುವು. ಪೀಟರ್ ಮೆಡವಾರ್ ಮತ್ತು ಥಾಮಸ್ ಗಿಬ್ಸನ್ ಎಂಬವರು ಇದನ್ನು ಕಂಡು, ಶರೀರವು ಪರಕೀಯವನ್ನು ಗುರುತಿಸುತ್ತದೆ, ನೆನಪಿಟ್ಟುಕೊಳ್ಳುತ್ತದೆ, ಎರಡನೆಯ ಸಲ ಬಂದರೆ ಇನ್ನೂ ಕ್ರೂರವಾಗಿ ಹೊರದೂಡುತ್ತದೆ ಎಂದು ನಿಶ್ಚಯಿಸಿದರು. ಸಿಡುಬನ್ನು ಒಮ್ಮೆ ಕಂಡವನಿಗೆ ಮತ್ತೆ ಬಾರದಿರುವುದು ಯಾವ ಶಕ್ತಿಯಿಂದಲೋ ಅದೇ ಶಕ್ತಿಯ ಕೆಲಸವಿದು. ಆ ಶಕ್ತಿಯ ಸೈನಿಕರು ರಕ್ತದ ಬಿಳಿಯ ಕಣಗಳು.

ಹಾಗಾದರೆ ಪರಕೀಯತೆಯೇ ಇಲ್ಲದ ಕಡೆ? ೧೯೫೪ರ ಡಿಸೆಂಬರ್ ೨೩ರಂದು ಬಾಸ್ಟನ್ ನಗರದ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ಜೋಸೆಫ್ ಮರೆ ಎಂಬ ಶಸ್ತ್ರವೈದ್ಯರು ರೊನಾಲ್ಡ್ ಹೆರಿಕ್ ಎಂಬವನ ಮೂತ್ರಪಿಂಡವನ್ನು ಅವನ ಅವಳಿ ಸಹೋದರ ರಿಚರ್ಡನಿಗೆ ಕಸಿಮಾಡಿದರು. ಇಬ್ಬರೂ ಒಂದೇ ಅಂಡದಿಂದ ಹುಟ್ಟಿದವರೇ ಎಂಬುದನ್ನು ಒಬ್ಬನ ಚರ್ಮವನ್ನು ಇನ್ನೊಬ್ಬನಿಗೆ ಹಚ್ಚಿ ಮೊದಲೇ ಪರೀಕ್ಷಿಸಿದ್ದರು. ರಿಚರ್ಡನು ಎಂಟು ವರ್ಷಗಳಿಗೂ ಹೆಚ್ಚು ಕಾಲ ಬದುಕಿದನು. ಆದರೆ ಲೋಕದಲ್ಲಿ ಎಲ್ಲರಿಗೂ ಅವಳಿಯಿಲ್ಲ. ಉಳಿದವರಿಗೆ ಪರರ ಅವಯವವನ್ನು ಕೊಡಬೇಕಾದರೆ ಶರೀರದ ಕಾವಲುಗಾರನನ್ನು ಮಂಪರಿಗೆ ತರಬೇಕು. ಮೊದಲು ಮೈಯೆಲ್ಲಕ್ಕೂ ಕ್ಷಕಿರಣಗಳನ್ನು ಹಾಯಿಸಿ ನೋಡಿದರು; ಕಾವಲುಗಾರನೊಡನೆ ಮನೆಯೂ ನಾಶವಾಗಿ ಹೆಚ್ಚು ಜನರು ಸತ್ತರು. ೧೯೫೯ರಲ್ಲಿ ಬಾಸ್ಟನ್ನಿನ ರಾಬರ್ಟ್ ಶ್ವಾರ್ಟ್ಸ್ ಮತ್ತು ವಿಲಿಯಂ ಡಾಮೆಷೆಕ್ ಎಂಬವರು, ರಕ್ತದ ಅರ್ಬುದಕ್ಕೆ ಕೊಡುತ್ತಿದ್ದ ೬-ಮರ್‌ಕ್ಯಾಪ್ಟೋಪ್ಯೂರಿನ್ ಎಂಬ ಔಷಧವು ಮೊಲಗಳ ನಿರೋಧಶಕ್ತಿಯನ್ನು ತಗ್ಗಿಸುವುದೆಂದು ತೋರಿಸಿದರು. ಅರ್ಬುದವನ್ನು ತಡೆಯುವುದಕ್ಕಾಗಿ ಹುಟ್ಟಿದ ಔಷಧವಿದು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ವಿಧಿಯ ವಿನೋದವು ಮುಂದೆ ತಿಳಿಯುತ್ತದೆ. ಅದರ ಸೋದರಿಯಾದ ಅಜಥಯೊಪ್ರಿನ್ ಎಂಬುದನ್ನು ರಾಯ್ ಕಾನ್ ಎಂಬ ಇಂಗ್ಲಿಷ್ ತರುಣರು ಮರೆಯವರೊಡನೆ ನಾಯಿಗಳಲ್ಲಿ ಪರೀಕ್ಷಿಸಿದರು. ೧೯೬೨ರಲ್ಲಿ, ಯಾವ ಬಾಂಧವ್ಯವೂ ಇಲ್ಲದ ಮೃತನೊಬ್ಬನ ಮೂತ್ರಪಿಂಡವು ಈ ಔಷಧದ ಬಲದಿಂದ ಒಬ್ಬ ರೋಗಿಯಲ್ಲಿ ಒಂದು ವರ್ಷಕ್ಕೂ ಮಿಗಿಲಾಗಿ ಕೆಲಸಮಾಡಿತು. ಮರುವರ್ಷ ಡೆನ್ವರ್ ನಗರದ ಥಾಮಸ್ ಸ್ಟಾರ್ಟ್ಸಲ್ ಎಂಬವರು ಇದಕ್ಕೆ ಪ್ರೆಡ್ನಿಸೋನನ್ನು ಸೇರಿಸಿ ಕೊಡಲು, ರೋಗಿಗಳು ವರ್ಷಾಂತರಗಳ ಕಾಲ ಉಳಿಯತೊಡಗಿದರು. ಭಾರತದಲ್ಲಿ ಈ ಚಿಕಿತ್ಸೆಯು ೧೯೭೧ರಲ್ಲಿ ವೇಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ಸಫಲವಾಯಿತು.

ರೋಗಿಗಳು ಉಳಿಯತೊಡಗಿದರೆಂದೆನು. ಉಳಿದುದರಿಂದಲೇ ಹೊಸ ವಿಪತ್ತು ಕಣ್ಣಿಗೆ ಬಿದ್ದಿತು. ೧೯೬೮ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನ ವೈದ್ಯರು, ಮೂತ್ರಪಿಂಡದ ಕಸಿಯಾದ ರೋಗಿಯಲ್ಲಿ ದುಗ್ಧರಸ ಕಣಗಳ ಅರ್ಬುದವುಂಟಾದುದನ್ನು ವರದಿಮಾಡಿದರು. ಡೆನ್ವರಿನಲ್ಲಿಯೂ ಅಂಥವೇ ಕೆಲವು ಕಂಡುಬಂದುವು. ಸಾಮಾನ್ಯ ಜನರಲ್ಲಿ ಈ ಅರ್ಬುದವು ಮಿದುಳಿಗೆ ತಗಲುವುದು ಅಪೂರ್ವ. ಈ ರೋಗಿಗಳಲ್ಲಿಯಾದರೋ ಮಿದುಳಿನಲ್ಲಿಯೇ ಪದೇ ಪದೇ ಕಾಣಿಸಿಕೊಂಡಿತು.

ತಾರ್ಕಿಕನು ಇಲ್ಲಿ ಕೇಳತಕ್ಕ ಮೊದಲನೆಯ ಪ್ರಶ್ನೆ: ಇದು ಕಾಕತಾಲೀಯವೇಕಾಗಬಾರದು? ಕಾಗೆ ಕುಳಿತುಕೊಳ್ಳುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋದಂತೆ, ಮೂತ್ರಪಿಂಡ ಕೆಟ್ಟವನಿಗೆ ಅರ್ಬುದವೂ ತಾನಾಗಿ ಬಂದಿರಬಾರದೇಕೆ? ಈ ಸಂಶಯವನ್ನು ಕಳೆಯಲು ಮುಂದಾದವರು ದಕ್ಷಿಣ ಆಫ್ರಿಕದಿಂದ ಡೆನ್ವರಿಗೆ ಬಂದು ಸ್ಟಾರ್ಟ್ಸಲ್ಲರೊಡನೆ ಕೆಲಸಮಾಡುತ್ತಿದ್ದ ಇಸ್ರೇಲ್ ಪೆನ್ ಎಂಬ ಶಸ್ತ್ರವೈದ್ಯರು. ೧೯೬೮ರಲ್ಲಿ ಅವರು ಒಂದು ದಾಖಲೆಪುಸ್ತಕವನ್ನು ತೆರೆದರು. ಲೋಕದ ಯಾವ ಭಾಗದಲ್ಲಿಯೇ ಆಗಲಿ ಕಸಿಯಾದ ರೋಗಿಗೆ ಅರ್ಬುದ ಬಂದರೆ ಅದರ ವಿವರವನ್ನು ತಮಗೆ ಬರೆದು ಕಳುಹಿಸಬೇಕೆಂದು ಎಲ್ಲ ವೈದ್ಯರನ್ನೂ ಕೇಳಿಕೊಂಡರು. ಈ ಕೆಲಸದ ಸ್ವಾರಸ್ಯವನ್ನು ನಾವು ಕೊಂಚ ನಿಂತು ನೋಡಬೇಕು. ಕಸಿಯ ವಿದ್ಯೆಗೆ ಆಗಿನ್ನೂ ಬಾಲ್ಯ. ೧೯೬೭ರ ಡಿಸೆಂಬರಿನಲ್ಲಿ ಕೇಪ್‌ಟೌನಿನಲ್ಲಿ ಬರ್ನಾರ್ಡರು ಹೃದಯವನ್ನೇ ಕಸಿಮಾಡಿ ಲೋಕವೆಲ್ಲ ಅದನ್ನೇ ಕೊಂಡಾಡುತ್ತಿದ್ದ ಕಾಲ. ಅಂಥ ಸಮಯದಲ್ಲಿ ತಮ್ಮದೇ ವಿದ್ಯೆಯಿಂದಾದ ಅನಿಷ್ಟವನ್ನು ತಾವೇ ಹುಡುಕಿ, ಎಣಿಸಿ, ಅಚ್ಚುಮಾಡಿಸುವುದು ಸಣ್ಣ ಮಾತಲ್ಲ. ನಮ್ಮ ಶಾಲೆಗಳಲ್ಲಿ ತೇರ್ಗಡೆಯಾದವರ ಪಟ್ಟಿಯನ್ನು ಬಾಗಿಲಿಗೆ ಅಂಟಿಸುತ್ತಿದ್ದೆವು. ಅರ್ಧದಲ್ಲಿ ಬಿಟ್ಟುಹೋದ ಮಕ್ಕಳ ಪಟ್ಟಿಯನ್ನು ಬರೆದಿಟ್ಟ ಉಪಾಧ್ಯಾಯರನ್ನು ನಾನು ಕಾಣೆ, ನಾನೂ ಬರೆದವನಲ್ಲ. ಪೆನ್ ಅವರು ಮುಂದೆ ಸಿನ್ಸಿನಾಟಿ ನಗರಕ್ಕೆ ಹೋದಾಗ ದಾಖಲೆಯೂ ಅವರೊಡನೆ ಹೋಯಿತು. ೧೯೯೯ರಲ್ಲಿ ಅವರು ತೀರಿಕೊಳ್ಳುವ ವೇಳೆಗೆ ಅದರಲ್ಲಿ ಹತ್ತು ಸಾವಿರಕ್ಕೂ ಮಿಕ್ಕ ರೋಗಿಗಳ ವೃತ್ತಾಂತಗಳು ಸೇರಿದ್ದುವು. ತರುವಾಯ ಅದಕ್ಕೆ ಅವರ ಹೆಸರನ್ನೇ ಇಟ್ಟರು.

ಆದರೂ ಆ ದಾಖಲೆಯಲ್ಲಿ ಒಂದು ಕೊರತೆಯಿತ್ತು. ಕಳುಹಿಸಿದವರದು ಬಂದಿತು, ಕಳುಹಿಸದವರದು ಬರಲಿಲ್ಲ. ಒಟ್ಟು ಎಷ್ಟು ಜನರಲ್ಲಿ ಇಷ್ಟು ಜನರಿಗೆ ರೋಗ ಬಂದಿತೆಂಬುದು ಅದರಿಂದ ತಿಳಿಯುತ್ತಿರಲಿಲ್ಲ. ಭಿನ್ನರಾಶಿಯಲ್ಲಿ ಅಂಶವಿದ್ದು ಛೇದವಿಲ್ಲದಂತೆ. ೧೯೭೩ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ರಾಬರ್ಟ್ ಹೂವರ್ ಮತ್ತು ಜೋಸೆಫ್ ಫ್ರೌಮೆನಿ ಎಂಬವರು ಆ ಛೇದವನ್ನು ಒದಗಿಸಿದರು. ಮೂತ್ರಪಿಂಡದ ಕಸಿಯಾದ ೬,೨೯೭ ಜನರನ್ನು ಲೆಕ್ಕಕ್ಕೆ ತೆಗೆದುಕೊಂಡು, ಅದೇ ವಯಸ್ಸಿನ ಸಾಮಾನ್ಯ ಜನರೊಡನೆ ಹೋಲಿಸಿದರು. ಲಿಂಫೋಮಾ ರೋಗದ ಸಂಭವವು ಸುಮಾರು ೩೫ ಪಟ್ಟು ಹೆಚ್ಚಾಗಿತ್ತು. ಅದರಲ್ಲಿಯೂ ಆಗಿನವರು ‘ರೆಟಿಕ್ಯುಲಮ್ ಸೆಲ್ ಸಾರ್ಕೋಮಾ’ ಎಂದು ಕರೆಯುತ್ತಿದ್ದ ಪ್ರಭೇದವು ೩೫೦ ಪಟ್ಟು. ಕಾಗೆ ಅಷ್ಟು ಸಲ ಕುಳಿತು ಹಣ್ಣು ಅಷ್ಟು ಸಲ ಬಿದ್ದ ಮೇಲೆ ಕಾಕತಾಲೀಯವೆನ್ನುವಂತಿಲ್ಲ. ಅನ್ವಯವು ಸಿದ್ಧಿಸಿತು: ಕಾವಲನ್ನು ತಗ್ಗಿಸಿದ ಕಡೆ ಅರ್ಬುದವು ಹೆಚ್ಚು.

ಇನ್ನು ವ್ಯತಿರೇಕ. ಕಾವಲನ್ನು ಮರಳಿ ಎಬ್ಬಿಸಿದರೆ ಅರ್ಬುದವು ಹೋಗುವುದೇ? ಇದಕ್ಕೆ ಮೊದಲನೆಯ ಉತ್ತರವು ಒಂದು ಪ್ರಮಾದದಿಂದ ದೊರೆಯಿತು. ಆ ಕಾಲದಲ್ಲಿ, ಅರ್ಬುದದಿಂದ ಸತ್ತವರ ಮೂತ್ರಪಿಂಡಗಳನ್ನೂ ಕಸಿಗೆ ತೆಗೆದುಕೊಳ್ಳುತ್ತಿದ್ದುದುಂಟು. ಒಬ್ಬನ ಅರ್ಬುದವು ಮತ್ತೊಬ್ಬನಲ್ಲಿ ಹೇಗೂ ಬೇರೂರದೆಂಬ ನಂಬಿಕೆ. ಬಾಸ್ಟನ್ನಿನ ಅದೇ ಬ್ರಿಗಮ್ ಆಸ್ಪತ್ರೆಯ ರಿಚರ್ಡ್ ವಿಲ್ಸನ್ ಮತ್ತು ಅವರ ಸಂಗಡಿಗರು ೧೯೬೮ರಲ್ಲಿ ಪ್ರಕಟಿಸಿದ ಪ್ರಸಂಗದಲ್ಲಿ, ದಾನಿಯ ಶ್ವಾಸಕೋಶದ ಅರ್ಬುದವು ಮೂತ್ರಪಿಂಡದೊಡನೆ ಹೋಗಿ ರೋಗಿಯ ಮೈಯಲ್ಲಿ ಬೆಳೆಯಿತು. ವೈದ್ಯರು ನಿರೋಧಶಕ್ತಿಯನ್ನು ತಡೆಯುವ ಔಷಧವನ್ನು ನಿಲ್ಲಿಸಿಬಿಟ್ಟರು. ಎಚ್ಚೆತ್ತ ಕಾವಲುಗಾರನು ಪರರ ಮೂತ್ರಪಿಂಡವನ್ನೂ ಪರರ ಅರ್ಬುದವನ್ನೂ ಒಟ್ಟಿಗೆ ನಾಶಮಾಡಿದನು. ಮೂತ್ರಪಿಂಡ ಹೋಯಿತು, ಮನುಷ್ಯನು ಉಳಿದನು. ಅರ್ಬುದದ ಬೀಜವು ಎಷ್ಟು ಕಾಲ ಸುಪ್ತವಾಗಿರಬಲ್ಲುದೆಂಬುದಕ್ಕೆ ೨೦೦೩ರಲ್ಲಿ ಗ್ಲಾಸ್ಗೋದಿಂದ ಬಂದ ವರದಿಯೊಂದು ಇನ್ನೂ ಬೆರಗಿನದು. ದಾನಿಯೊಬ್ಬರಿಗೆ ಮೆಲನೋಮಾ ಎಂಬ ಕರಿಯ ಅರ್ಬುದವಿದ್ದು, ಶಸ್ತ್ರಚಿಕಿತ್ಸೆಯಾಗಿ ಹದಿನಾರು ವರ್ಷಗಳೇ ಕಳೆದಿದ್ದುವು. ಆದರೂ ಅವರ ಮೂತ್ರಪಿಂಡಗಳನ್ನು ಪಡೆದ ಇಬ್ಬರಲ್ಲಿಯೂ ಅದು ಚಿಗುರಿತು. ದಾನಿಯ ಮೈಯಲ್ಲಿ ಆ ಬೀಜವು ಸತ್ತಿರಲಿಲ್ಲ, ಕಾವಲಿನಲ್ಲಿತ್ತು ಎಂದಲ್ಲದೆ ಬೇರೆ ಏನು ಹೇಳೋಣ?

ಈ ಕಾವಲಿನ ಕಲ್ಪನೆ ಹೊಸದಲ್ಲ. ಜರ್ಮನಿಯ ಪಾಲ್ ಎರ್ಲಿಕ್ ೧೯೦೯ರಲ್ಲಿಯೇ ಅದನ್ನು ಸೂಚಿಸಿದ್ದರು. ೧೯೫೦ರ ದಶಕದ ಕೊನೆಯಲ್ಲಿ ಅಮೆರಿಕದ ಲೂಯಿಸ್ ಥಾಮಸರೂ ಆಸ್ಟ್ರೇಲಿಯದ ಮ್ಯಾಕ್‌ಫರ್ಲೇನ್ ಬರ್ನೆಟ್ಟರೂ ಅದನ್ನು ಸಿದ್ಧಾಂತವಾಗಿ ಬೆಳೆಸಿದರು. ನಮ್ಮ ಮೈಯಲ್ಲಿ ನಿತ್ಯವೂ ಅರ್ಬುದದ ಕಣಗಳು ಹುಟ್ಟುತ್ತಿರುತ್ತವೆ, ನಿರೋಧಶಕ್ತಿಯು ಅವನ್ನು ಕಂಡಕಂಡಲ್ಲಿ ಸಂಹರಿಸುತ್ತದೆ ಎಂಬುದು ಅದರ ತಾತ್ಪರ್ಯ. ಕಸಿಯ ರೋಗಿಗಳ ವೃತ್ತಾಂತವು ಈ ಸಿದ್ಧಾಂತಕ್ಕೆ ಕೈಮರದಂತೆ ಒದಗಿತು. ಆದರೆ ಪೂರ್ವಪಕ್ಷವಿಲ್ಲದೆ ಸಿದ್ಧಾಂತವುಂಟೆ? ಕಾವಲು ತಗ್ಗಿದರೆ ಎಲ್ಲ ಬಗೆಯ ಅರ್ಬುದಗಳೂ ಹೆಚ್ಚಬೇಕಷ್ಟೆ. ಸ್ತನದ ಅರ್ಬುದವಾಗಲಿ ಪ್ರಾಸ್ಟೇಟ್ ಗ್ರಂಥಿಯ ಅರ್ಬುದವಾಗಲಿ ಈ ರೋಗಿಗಳಲ್ಲಿ ಹೆಚ್ಚಾಗಿ ಕಾಣಲಿಲ್ಲ. ಹುಟ್ಟಿನಿಂದಲೇ ಥೈಮಸ್ ಗ್ರಂಥಿಯಿಲ್ಲದೆ ನಿರೋಧಶಕ್ತಿ ಕುಂದಿದ ರೋಮರಹಿತ ಇಲಿಗಳಿಗೆ, ಅರ್ಬುದಕಾರಕ ದ್ರವ್ಯವನ್ನು ಕೊಟ್ಟಾಗ ಉಳಿದ ಇಲಿಗಳಿಗಿಂತ ಹೆಚ್ಚು ಅರ್ಬುದಗಳು ಬರಲಿಲ್ಲವೆಂದು ೧೯೭೪ರಲ್ಲಿ ಒಸಿಯಾಸ್ ಸ್ಟುಟ್‌ಮನ್ ಎಂಬವರು ತೋರಿಸಿದರು. ಆ ಇಲಿಗಳು ಪೂರ್ತಿ ನಿಶ್ಶಕ್ತವಾಗಿರಲಿಲ್ಲವೆಂಬುದು ಆಮೇಲೆ ತಿಳಿದು ಸಿದ್ಧಾಂತವು ಮರಳಿ ಚೇತರಿಸಿಕೊಂಡಿತಾದರೂ, ಅಂದು ಅದಕ್ಕೆ ಬಿದ್ದ ಪೆಟ್ಟು ದೊಡ್ಡದು.

ಇಂಥ ಕಡೆಯಲ್ಲಿ ನಮ್ಮ ನೈಯಾಯಿಕರು ಉಪಾಧಿಯನ್ನು ಹುಡುಕು ಎನ್ನುತ್ತಾರೆ. ಹೊಗೆಯಿರುವಲ್ಲೆಲ್ಲ ಬೆಂಕಿಯುಂಟು, ಬೆಂಕಿಯಿರುವಲ್ಲೆಲ್ಲ ಹೊಗೆಯುಂಟೇ? ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಬರಬೇಕಾದರೆ ಹಸಿಯ ಸೌದೆ ಬೇಕು. ಆ ಹಸಿ ಸೌದೆಯೇ ಉಪಾಧಿ. ಔಷಧ ಸೇವಿಸುವ ರೋಗಿಗಳೆಲ್ಲರಿಗೂ ಲಿಂಫೋಮಾ ಬರುವುದಿಲ್ಲ, ಎಲ್ಲ ಅರ್ಬುದಗಳೂ ಸಮನಾಗಿ ಹೆಚ್ಚುವುದಿಲ್ಲ ಎಂದ ಮೇಲೆ, ಇಲ್ಲಿಯ ಹಸಿ ಸೌದೆ ಯಾವುದು?

ಅದು ದೊರೆತುದು ಕಸಿಯ ವಿದ್ಯೆಗೆ ಯಾವ ಸಂಬಂಧವೂ ಇಲ್ಲದ ಆಫ್ರಿಕದ ಒಂದು ಮೂಲೆಯಲ್ಲಿ. ಉಗಾಂಡದ ಕಂಪಾಲಾ ನಗರದಲ್ಲಿದ್ದ ಐರ್ಲೆಂಡಿನ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ ಅವರು, ಅಲ್ಲಿಯ ಮಕ್ಕಳ ದವಡೆಯಲ್ಲಿ ಭಯಂಕರವಾಗಿ ಬೆಳೆಯುವ ಒಂದು ಲಿಂಫೋಮಾವನ್ನು ೧೯೫೮ರಲ್ಲಿ ವರ್ಣಿಸಿದರು. ೧೯೬೧ರ ಮಾರ್ಚಿಯಲ್ಲಿ ಅವರು ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಉಪನ್ಯಾಸ ಮಾಡಿದಾಗ ಕೇಳುತ್ತಿದ್ದ ಆಂಥೊನಿ ಎಪ್‌ಸ್ಟೀನ್ ಎಂಬ ತರುಣ ವಿಜ್ಞಾನಿಗೆ, ಮಳೆಯನ್ನೂ ಸೆಕೆಯನ್ನೂ ಅನುಸರಿಸಿ ಹಬ್ಬುವ ಈ ರೋಗಕ್ಕೆ ವೈರಸ್ಸೇ ಕಾರಣವಿರಬೇಕೆಂದು ಹೊಳೆಯಿತು. ಕಂಪಾಲಾದಿಂದ ವಿಮಾನದಲ್ಲಿ ಗಂಟಿನ ಚೂರುಗಳನ್ನು ತರಿಸಿಕೊಂಡು ಎರಡು ವರ್ಷಗಳ ಕಾಲ ಹುಡುಕಿದರು, ಏನೂ ಕಾಣಲಿಲ್ಲ. ೧೯೬೩ರ ಡಿಸೆಂಬರಿನಲ್ಲಿ ಲಂಡನ್ನಿಗೆ ಮಂಜು ಮುಸುಕಿ ವಿಮಾನವನ್ನು ಮ್ಯಾಂಚೆಸ್ಟರಿಗೆ ತಿರುಗಿಸಿದರು. ಗಂಟಿನ ಚೂರು ತಡವಾಗಿ ಕೈಸೇರಿದಾಗ ಅದನ್ನಿಟ್ಟಿದ್ದ ದ್ರವವು ಕದಡಿಹೋಗಿತ್ತು. ಕೊಳೆತಿದೆಯೆಂದು ಚೆಲ್ಲಿಬಿಡುವುದೇ ಸಹಜ. ಚೆಲ್ಲುವ ಮೊದಲು ಎಪ್‌ಸ್ಟೀನರು ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಕೊಳೆತಿರಲಿಲ್ಲ, ಗಂಟಿನಿಂದ ಬಿಡಿಸಿಕೊಂಡ ಜೀವಂತ ಕಣಗಳು ಅದರಲ್ಲಿ ತೇಲುತ್ತಿದ್ದುವು. ಬಿಡಿಬಿಡಿಯಾಗಿ ತೇಲುವ ಆ ಕಣಗಳನ್ನು ಸಾಕಿ ಬೆಳೆಸಿದಾಗ, ೧೯೬೪ರಲ್ಲಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ವೈರಸ್ಸು ಕಾಣಿಸಿತು. ಎಪ್‌ಸ್ಟೀನ್, ಅವರ ಸಹಾಯಕಿ ಈವಾನ್ ಬಾರ್, ಇವರ ಹೆಸರಿನಿಂದ ಅದು ಎಪ್‌ಸ್ಟೀನ್-ಬಾರ್ ವೈರಸ್ ಎನಿಸಿತು. ಜೊತೆಗೆ ದುಡಿದ ಬರ್ಟ್ ಅಚಾಂಗ್ ಎಂಬವರ ಹೆಸರು ಮಾತ್ರ ಹೊರಗುಳಿಯಿತು. ಹೆಸರುಗಳ ಅದೃಷ್ಟವೂ ಮನುಷ್ಯರ ಅದೃಷ್ಟದ ಹಾಗೆಯೇ.

ಮುಂದೆ ಫಿಲಡೆಲ್ಫಿಯದ ಹೆನ್ಲೆ ದಂಪತಿಗಳು, ತಮ್ಮ ಪ್ರಯೋಗಶಾಲೆಯ ಸಹಾಯಕಿಯೊಬ್ಬಳಿಗೆ ೧೯೬೭ರಲ್ಲಿ ಗ್ರಂಥಿಜ್ವರ ಬಂದುದರಿಂದ, ಆ ಜ್ವರಕ್ಕೂ ಇದೇ ವೈರಸ್ಸು ಕಾರಣವೆಂದು ಕಂಡುಕೊಂಡರು. ಇದು ಅಪೂರ್ವವಾದ ಜಂತುವಲ್ಲ. ಲೋಕದ ಪ್ರೌಢವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನರ ಮೈಯಲ್ಲಿ ಅದುಂಟು. ಈ ಲೇಖನವನ್ನು ಓದುವವರಲ್ಲಿಯೂ ಬರೆದವನಲ್ಲಿಯೂ ಬಹುಶಃ ಉಂಟು. ಎಳೆತನದಲ್ಲಿ ಸದ್ದಿಲ್ಲದೆ ಬಂದು, ‘ಬಿ’ ಎಂದು ಕರೆಯುವ ಬಿಳಿಯ ಕಣಗಳಲ್ಲಿ ಆಜೀವವೂ ಮಲಗಿರುತ್ತದೆ. ಆ ಕಣಗಳನ್ನು ಮಿತಿಮೀರಿ ಬೆಳೆಯುವಂತೆ ಅದು ಪ್ರೇರಿಸಿದರೂ, ‘ಟಿ’ ಎಂದು ಕರೆಯುವ ಕಣಗಳು ಅಂಥವನ್ನು ಹುಡುಕಿ ಕೊಲ್ಲುತ್ತಿರುತ್ತವೆ. ಕಸಿಯ ಔಷಧವು ಮಂಪರಿಗೆ ತರುವುದು ಈ ‘ಟಿ’ ಕಣಗಳನ್ನೇ. ಅವು ಮಲಗಿದರೆ ‘ಬಿ’ ಕಣಗಳು ಎದ್ದು ವೃದ್ಧಿಯಾಗುತ್ತವೆ: ಮೊದಲು ಅನೇಕ ವಂಶಗಳಾಗಿ, ಬಳಿಕ ಅವುಗಳಲ್ಲಿ ಒಂದು ವಂಶವೇ ಉಳಿದವನ್ನು ಮೀರಿಸಿ. ಆ ಎರಡನೆಯ ಅವಸ್ಥೆಯೇ ನಿಜವಾದ ಲಿಂಫೋಮಾ. ೧೯೮೦ರ ಈಚೆಗೆ ಮಿನೆಸೋಟದ ವೈದ್ಯರು ಮತ್ತಿತರರು ಕಸಿಯ ರೋಗಿಗಳ ಗಂಟುಗಳಲ್ಲಿ ಈ ವೈರಸ್ಸನ್ನು ತೋರಿಸಿದಾಗ ಹಸಿ ಸೌದೆ ಸಿಕ್ಕಿದಂತಾಯಿತು. ಮೊದಲು ಎಂದೂ ಸೋಂಕದ ಎಳೆಯ ಮಗುವಿಗೆ, ವೈರಸ್ಸಿರುವ ದೊಡ್ಡವರ ಅವಯವವನ್ನು ಕೊಟ್ಟರೆ ಅಪಾಯವು ಎಲ್ಲರಿಗಿಂತ ಹೆಚ್ಚು. ಆ ಮಗುವಿನ ಕಾವಲುಗಾರನು ಶತ್ರುವಿನ ಮುಖವನ್ನೇ ನೋಡಿಲ್ಲ.

ಇಷ್ಟರಲ್ಲಿ ಔಷಧಗಳೂ ಬದಲಾಗಿದ್ದುವು. ನಾರ್ವೆ ದೇಶದ ಹಾರ್ಡಾಂಗರ್ ಬೆಟ್ಟದ ಬಯಲಿನಿಂದ ಸ್ವಿಟ್ಸರ್ಲೆಂಡಿನ ಸ್ಯಾಂಡೋಜ್ ಸಂಸ್ಥೆಯವರು ೧೯೬೯ರಲ್ಲಿ ತಂದ ಮಣ್ಣಿನ ಬೂಷ್ಟಿನಲ್ಲಿ ಸೈಕ್ಲೊಸ್ಪೋರಿನ್ ಎಂಬ ದ್ರವ್ಯವು ದೊರೆಯಿತು. ಅದು ‘ಟಿ’ ಕಣಗಳನ್ನು ಮುಖ್ಯವಾಗಿ ತಡೆಯುವುದು. ಕೇಂಬ್ರಿಜ್ಜಿಗೆ ಬಂದಿದ್ದ ರಾಯ್ ಕಾನರು ೧೯೭೮ರಲ್ಲಿ ರೋಗಿಗಳಿಗೆ ಅದನ್ನು ಕೊಡತೊಡಗಿದರು. ಅವಯವಗಳು ಹಿಂದೆಂದೂ ಇಲ್ಲದಷ್ಟು ಚೆನ್ನಾಗಿ ಉಳಿದುವು. ಆದರೆ ೧೯೭೯ರಲ್ಲಿ ಅವರೇ ಪ್ರಕಟಿಸಿದ ೩೪ ರೋಗಿಗಳ ವರದಿಯಲ್ಲಿ ಮೂವರಿಗೆ ಲಿಂಫೋಮಾ! ಆಗಿನ ಪ್ರಮಾಣವು ಮೈತೂಕದ ಕಿಲೋಗ್ರಾಮಿಗೆ ದಿನಕ್ಕೆ ೨೫ ಮಿಲಿಗ್ರಾಮು. ಇಂದಿನ ಪ್ರಮಾಣಕ್ಕೆ ಹೋಲಿಸಿದರೆ ಎಷ್ಟೋ ಪಟ್ಟು ಹೆಚ್ಚು. ವರದಿಯನ್ನು ಮುಚ್ಚಿಡದೆ ಹೊರಗಿಟ್ಟುದರಿಂದಲೇ ಪ್ರಮಾಣವನ್ನು ಇಳಿಸುವ ಬುದ್ಧಿ ಬಂದಿತು.

ನನ್ನ ಶಿಷ್ಯನ ಪ್ರಶ್ನೆಗೆ ನೇರವಾದ ಉತ್ತರವಿರುವುದು ೧೯೮೪ರಲ್ಲಿ ‘ಲಾನ್ಸೆಟ್’ ಪತ್ರಿಕೆಯಲ್ಲಿ ಬಂದ ಲೇಖನದಲ್ಲಿ. ಸ್ಟಾರ್ಟ್ಸಲ್ಲರು 1984ರ ವೇಳೆಗೆ ಪಿಟ್ಸ್‌ಬರ್ಗಿನಲ್ಲಿದ್ದರು. ಮೂತ್ರಪಿಂಡ ಪಡೆದ ೮, ಯಕೃತ್ತು ಪಡೆದ ೪, ಹೃದಯ ಪಡೆದ ೩, ಹೃದಯ-ಶ್ವಾಸಕೋಶಗಳೆರಡನ್ನೂ ಪಡೆದ ೨, ಹೀಗೆ ೧೭ ಜನರಲ್ಲಿ ಲಿಂಫೋಮಾ ಅಥವಾ ಅದರ ಹಿಂದಿನ ಅವಸ್ಥೆಯ ಗಂಟುಗಳು ಕಂಡುಬಂದುವು. ಅಲ್ಲಿಯವರೆಗಿನ ರೂಢಿಯಂತೆ ಅರ್ಬುದಕ್ಕೆ ಉಗ್ರವಾದ ಔಷಧಗಳನ್ನು ಕೊಡುವುದರ ಬದಲು, ಅವರು ನಿರೋಧಶಕ್ತಿಯ ತಡೆಯನ್ನು ತಗ್ಗಿಸಿದರು, ಕೆಲವರಲ್ಲಿ ನಿಲ್ಲಿಸಿದರು. ಗಂಟುಗಳು ಕರಗಿದುವು. ಇನ್ನೂ ಆಶ್ಚರ್ಯವೇನೆಂದರೆ, ಅನೇಕರಲ್ಲಿ ಕಸಿಯ ಅವಯವವೂ ಉಳಿಯಿತು. ಎರಡು ಕುಣಿಕೆಗಳ ಹಗ್ಗದಲ್ಲಿ ನಡುವೆ ಕೊಂಚ ಸಡಿಲವುಂಟೆಂಬುದು ಅಂದು ತಿಳಿಯಿತು. ವ್ಯತಿರೇಕವೂ ಸಿದ್ಧಿಸಿತು.

ಕಾವಲನ್ನು ಎಷ್ಟು ಆಳಕ್ಕೆ ಮಲಗಿಸಿದರೆ ಅಪಾಯವು ಅಷ್ಟು ಹೆಚ್ಚೆಂಬುದಕ್ಕೆ ೧೯೯೦ರಲ್ಲಿ ಷಿಕಾಗೋ ಪ್ರಾಂತದಿಂದ ಸಾಕ್ಷಿ ಬಂದಿತು. ಹೃದಯದ ಕಸಿಯಾದವರಲ್ಲಿ, ‘ಟಿ’ ಕಣಗಳನ್ನು ತೀವ್ರವಾಗಿ ದಮನಮಾಡುವ ಒಕೆಟಿ-೩ ಎಂಬ ಔಷಧವನ್ನು ಪಡೆದ ೭೯ ಜನರಲ್ಲಿ ೯ ಮಂದಿಗೆ ಈ ರೋಗ ಬಂದಿತು; ಪಡೆಯದ ೭೫ ಜನರಲ್ಲಿ ಒಬ್ಬನಿಗೆ. ಆ ಔಷಧವು ಇಂದು ಬಳಕೆಯಲ್ಲಿಲ್ಲ.

ಲಿಂಫೋಮಾದ ಮಾತೇ ದೀರ್ಘವಾಯಿತು. ಉಳಿದವುಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಬಿಳಿಯ ಮೈಬಣ್ಣದವರಲ್ಲಿ, ಅದರಲ್ಲಿಯೂ ಬಿಸಿಲು ಹೆಚ್ಚಾದ ಆಸ್ಟ್ರೇಲಿಯದಲ್ಲಿ, ಕಸಿಯಾದವರಿಗೆ ಚರ್ಮದ ಅರ್ಬುದಗಳು ಗುಂಪುಗುಂಪಾಗಿ ಬರುತ್ತವೆ. ಅಜಥಯೊಪ್ರಿನ್ ಔಷಧವೇ ಚರ್ಮವನ್ನು ಸೂರ್ಯಕಿರಣಕ್ಕೆ ಈಡುಮಾಡುವುದೂ ಇದಕ್ಕೊಂದು ಕಾರಣ. ನಮ್ಮಂಥ ಕಪ್ಪುಬಣ್ಣದವರಿಗೆ ಆ ಭಯ ಕಡಿಮೆ. ಕಪೋಸಿ ಸಾರ್ಕೋಮಾ ಎಂಬ ಇನ್ನೊಂದು ಅರ್ಬುದಕ್ಕೂ ವೈರಸ್ಸೇ ಉಪಾಧಿಯೆಂಬುದು ೧೯೯೪ರಲ್ಲಿ ತಿಳಿಯಿತು. ೨೦೦೫ರಲ್ಲಿ ಇಟಲಿಯ ಬಾರಿ ನಗರದ ವೈದ್ಯರು, ಈ ಅರ್ಬುದವಿದ್ದ ೧೫ ಕಸಿಯ ರೋಗಿಗಳಿಗೆ ಸೈಕ್ಲೊಸ್ಪೋರಿನನ್ನು ನಿಲ್ಲಿಸಿ ಸಿರೊಲಿಮಸ್ ಎಂಬುದನ್ನು ಕೊಡಲು, ಮೂರು ತಿಂಗಳಲ್ಲಿ ಎಲ್ಲರ ಚರ್ಮದ ಗಾಯಗಳೂ ಮಾಯವಾದುವು, ಮೂತ್ರಪಿಂಡಗಳೂ ಉಳಿದುವು. ನಿರೋಧಶಕ್ತಿಯನ್ನು ತಡೆಯುತ್ತಲೇ ಅರ್ಬುದವನ್ನೂ ತಡೆಯುವ ಈ ದ್ರವ್ಯವು ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದಿಂದ ೧೯೬೪ರಲ್ಲಿ ತಂದ ಮಣ್ಣಿನಲ್ಲಿ ದೊರೆತದ್ದು. ಅದನ್ನು ಕೆನಡದ ಮಾಂಟ್ರಿಯಲ್ ನಗರದಲ್ಲಿ ಬೇರ್ಪಡಿಸಿದವರು ಸುರೇಂದ್ರನಾಥ ಸೆಹಗಲ್ ಎಂಬವರು. ಅವರು ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಔಷಧಶಾಸ್ತ್ರವನ್ನೋದಿದವರು. ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರವರು ಮೊದಲನೆಯ ಕುಲಾಧಿಪತಿಗಳಾಗಿದ್ದ ವಿದ್ಯಾಸಂಸ್ಥೆಯದು. ಸಂಸ್ಥೆಯವರು ಆ ಪ್ರಯೋಗಶಾಲೆಯನ್ನು ಮುಚ್ಚಿದಾಗ ಸೆಹಗಲ್ಲರು ಆ ಸೂಕ್ಷ್ಮಜೀವಿಯ ತಳಿಯನ್ನು ತಮ್ಮ ಮನೆಯ ಶೀತಪೆಟ್ಟಿಗೆಯಲ್ಲಿಟ್ಟು ಕಾಪಾಡಿದರಂತೆ. ಈ ದ್ರವ್ಯವೂ ಕಲ್ಪವೃಕ್ಷವಲ್ಲ. ಗಾಯ ಮಾಯುವುದು ತಡವಾಗುತ್ತದೆ, ಎಲ್ಲರಿಗೂ ಸಹಿಸದು.

೨೦೧೧ರಲ್ಲಿ ಅಮೆರಿಕದ ೧,೭೫,೭೩೨ ಕಸಿಗಳನ್ನು ಕುರಿತು ಲೆಕ್ಕ ಹಾಕಿದಾಗ ಎಲ್ಲ ಅರ್ಬುದಗಳೂ ಕೂಡಿ ಸಾಮಾನ್ಯ ಜನರ ಎರಡರಷ್ಟು, ಲಿಂಫೋಮಾವು ಏಳೂವರೆಯಷ್ಟು ಎಂದು ಬಂದಿತು. ಹೂವರರ ಮೂವತ್ತೈದೆಲ್ಲಿ, ಈ ಏಳೂವರೆಯೆಲ್ಲಿ! ಅಳೆಯುವ ಬಗೆಯಲ್ಲಿಯೂ ಭೇದವಿರುವುದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಅಪಾಯವು ಮಾತ್ರ ತೀರಿಲ್ಲ. ಔಷಧವನ್ನು ತಗ್ಗಿಸಿದರೂ ಗಂಟು ಕರಗದವರಿಗೆ, ‘ಬಿ’ ಕಣಗಳನ್ನೇ ಹುಡುಕಿ ಹಿಡಿಯುವ ರಿಟುಕ್ಸಿಮಾಬ್ ಎಂಬ ಔಷಧವು ೧೯೯೭ರಿಂದ ಉಂಟು. ೧೯೯೦ರ ದಶಕದಲ್ಲಿ ನ್ಯೂಯಾರ್ಕಿನವರೂ ಮೆಂಫಿಸ್ ನಗರದವರೂ, ಅಸ್ಥಿಮಜ್ಜೆಯ ಕಸಿಯಾದವರಿಗೆ ಈ ವೈರಸ್ಸನ್ನು ಗುರುತಿಸಬಲ್ಲ ‘ಟಿ’ ಕಣಗಳನ್ನು ದಾನಿಯಿಂದ ತೆಗೆದು ಕೊಟ್ಟು ಗುಣ ಕಂಡರು. ಅಂಥ ಸಿದ್ಧೌಷಧವೊಂದಕ್ಕೆ ೨೦೨೨ರ ಡಿಸೆಂಬರಿನಲ್ಲಿ ಯೂರೋಪಿನಲ್ಲಿ ಅನುಮತಿ ದೊರೆಯಿತು. ಮಲಗಿದ ಕಾವಲುಗಾರನ ಬದಲಿಗೆ ಬೇರೆ ಮನೆಯಿಂದ ಕಾವಲುಗಾರನನ್ನು ಕರೆತಂದು ನಿಲ್ಲಿಸಿದಂತೆ. ಬೆಲೆಯಂತೂ ನಮ್ಮಂಥವರ ಮನೆಗಳಿಗೆ ಎಟುಕುವುದಲ್ಲ.

ನನ್ನ ಶಿಷ್ಯನಿಗೆ ಅವೊಂದೂ ಬೇಕಾಗಲಿಲ್ಲ. ವೈದ್ಯರು ಒಂದು ಔಷಧವನ್ನು ಪೂರ್ತಿ ನಿಲ್ಲಿಸಿ ಇನ್ನೊಂದನ್ನು ಅರ್ಧಕ್ಕೆ ಇಳಿಸಿದರು. ವಾರಕ್ಕೊಮ್ಮೆ ರಕ್ತಪರೀಕ್ಷೆ. ಅಕ್ಕನವರು ಪ್ರತಿ ವಾರವೂ ಊರಿನಿಂದ ಬಸ್ಸಿನಲ್ಲಿ ಬಂದು ಪ್ರಯೋಗಶಾಲೆಯ ಬೆಂಚಿನ ಮೇಲೆ ಕುಳಿತು, ಕಾಗದ ಕೈಗೆ ಬಂದ ಮೇಲೆಯೇ ಏಳುತ್ತಿದ್ದರಂತೆ. “ಹೋದರೆ ಹೋಗಲಿ ಬಿಡೋ, ನೀನಿರು, ಅದನ್ನು ಕೊಟ್ಟದ್ದು ನಿನಗೆ, ಅದಕ್ಕೆ ನಿನ್ನನ್ನು ಕೊಟ್ಟದ್ದಲ್ಲ” ಎಂದರಂತೆ ಆಕೆ. ಯುಗಾದಿಯ ಹೊತ್ತಿಗೆ ಗಂಟು ಕಡಲೆಯಷ್ಟಾಗಿತ್ತು. ಆಷಾಢದಲ್ಲಿ ಕೈಗೆ ಸಿಕ್ಕದಾಯಿತು. ಮೂತ್ರಪಿಂಡದ ಲೆಕ್ಕವು ನಡುವೆ ಒಮ್ಮೆ ಹದಗೆಟ್ಟು, ಈಗ ಮೊದಲಿಗಿಂತ ಸ್ವಲ್ಪ ಕೆಳಗೆ ನಿಂತಿದೆ. ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗಬೇಕು. ಹೋದ ವಾರ ಬಂದಿದ್ದಾಗ ಈ ಲೇಖನದ ಕರಡನ್ನು ಓದಲು ಕೊಟ್ಟೆನು. ಎಪ್‌ಸ್ಟೀನರ ಮಂಜಿನ ಕಥೆಯನ್ನು ಎರಡು ಸಲ ಓದಿದನು. ಪೆನ್ ಅವರ ದಾಖಲೆಯ ಪ್ರಸಂಗ ಬಂದಾಗ, “ನನ್ನ ಹೆಸರೂ ಅಂಥ ಪುಸ್ತಕದಲ್ಲಿ ಎಲ್ಲಾದರೂ ಸೇರಿದೆಯೋ ಏನೋ, ಮೇಷ್ಟ್ರೇ, ಮುಂದಿನ ಸಲ ಡಾಕ್ಟರನ್ನು ಕೇಳುತ್ತೇನೆ” ಎಂದು, ಕೈಚೀಲದಿಂದ ಮಾತ್ರೆಯ ಡಬ್ಬಿಯನ್ನು ತೆಗೆದು ಗಡಿಯಾರ ನೋಡಿ, ನೀರು ಕೇಳಿದನು.